ನರ್ಸಬಾಯಿ ಕೂರದ ತೂಗುಮಂಚ

ನರ್ಸಬಾಯಿ ಸತ್ತ ದಿನ ಅವಳ ಅಂಗಳದಲ್ಲಿ ಮೂವರು ಎದ್ದು ನಿಂತು ಮಾತಾಡಿದರು. ಒಬ್ಬರು ತ್ಯಾಗಮಯಿ ಎಂದರು. ಇನ್ನೊಬ್ಬರು ದಾಸೋಹಮೂರ್ತಿ ಎಂದರು. ಮೂರನೆಯವರು, ಪರರ ಸೇವೆಗೆಂದೇ ಮನೆ ಕಟ್ಟಿಸಿದ ಪುಣ್ಯವಂತೆ ಎಂದು ಕಣ್ಣೊರೆಸಿಕೊಂಡರು. ನಾನು ಹೆಣದ ಪಕ್ಕದಲ್ಲೇ ಕುಳಿತಿದ್ದೆ. ಅವಳಿಗೆ ಜೀವವಿದ್ದಿದ್ದರೆ ಮೂವರನ್ನೂ ಹೊಸ್ತಿಲಾಚೆ ಕಳಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಓಣಿಯ ಬಳಗದ ಹೆಣ್ಣುಮಕ್ಕಳು ಅವಳ ನೆನಪಿಗೆ ಒಂದು ಸಣ್ಣ ಪುಸ್ತಕ ತರುತ್ತಾರಂತೆ. ಅವಳ ಗೋಡೆಗೆ ಗೋಡೆ ಹತ್ತಿದ ಮನೆಯವರು ನೀವು, ನೀವೂ ಬರೆದು ಕೊಡಿ ಎಂದು ನನಗೆ ಹೇಳಿದರು. ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ಆಮೇಲೆ ಬರೆದದ್ದು ಕಿರಾಣಿ ಚೀಟಿ ಮಾತ್ರ. ಅಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಲಿ, ಮಾತನ್ನು ತಿದ್ದುವುದು ಬೇಡ.

ಅವಳ ಹೆಸರು ಓಣಿಯಲ್ಲಿ ಯಾರೂ ಹಿಡಿದು ಕರೆಯಲಿಲ್ಲ. ಎಲ್ಲರ ಬಾಯಲ್ಲೂ ನರ್ಸಬಾಯಿ. ನಾನೂ ಇಲ್ಲಿ ಹಾಗೇ ಬರೆಯುತ್ತೇನೆ.

ಎತ್ತರದ ಹೆಂಗಸು. ನಡೆದರೆ ಚಪ್ಪಲಿಯ ಸದ್ದು ಓಣಿಯ ಆ ತುದಿಗೂ ಕೇಳಬೇಕು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, ಊರ ಮಂದಿಯ ಹೆರಿಗೆ ಮಾಡಿಸುವುದರಲ್ಲೇ ಹೊತ್ತು ಹೋಯಿತು, ನನ್ನ ಲಗ್ನಕ್ಕೆ ರಜೆ ಸಿಗಲಿಲ್ಲ ಎನ್ನುತ್ತಿದ್ದಳು. ಬಾದಾಮಿ ತಾಲೂಕಿನ ಹಳ್ಳಿಗಳಲ್ಲಿ ಅರ್ಧ ನೌಕರಿ, ಹುನಗುಂದದ ಕಡೆ ಉಳಿದರ್ಧ. ಕುಳಗೇರಿ ಕ್ರಾಸಿನಲ್ಲಿ ಬಸ್ಸಿಗೆ ನಿಂತು ನಿಂತು ಕಾಲಿನ ನರ ಹಗ್ಗದಂತೆ ಉಬ್ಬಿದ್ದವು. ಸೂಜಿ ಹಾಕುವಾಗ ಅವಳದೊಂದು ರೀತಿ ಇತ್ತು. ಮಕ್ಕಳಿಗೆ ಬೆಲ್ಲದ ತುಣುಕು ತೋರಿಸಿ ಮುಷ್ಟಿಯಲ್ಲಿ ಮುಚ್ಚಿಟ್ಟುಕೊಳ್ಳುವಳು. ಅಳು ಮುಗಿಯುವ ತನಕ ಕೊಡುತ್ತಿರಲಿಲ್ಲ.

"ಮೊದಲ ಸೂಜಿ, ಆಮ್ಯಾಲೆ ಬೆಲ್ಲ. ಮೊದಲ ಬೆಲ್ಲ ಕೊಡಾವ್ರನ್ನ ನಂಬಬ್ಯಾಡ," ಎಂದು ಆ ಕೂಸುಗಳಿಗೆ ಹೇಳುವಳು. ಅವಕ್ಕೇನು ತಿಳಿಯಬೇಕು.

ನನ್ನ ಸೊಸೆ ಮೊದಲ ಮೊಮ್ಮಗನಿಗೆ ಸೂಜಿ ಹಾಕಿಸಲು ಹಿಂದೆಮುಂದೆ ನೋಡಿದಳು. ಕೂಸು ದುಂಡಗಿದೆ, ನಗುತ್ತಿದೆ, ಸುಮ್ಮನೆ ಜ್ವರ ಯಾಕೆ ತರಿಸಬೇಕು ಎಂದಳು. ಹುನಗುಂದದ ಕಡೆ ನೌಕರಿಯಲ್ಲಿದ್ದಾಗ ನಮ್ಮ ಓಣಿಗೂ ಸೂಜಿ ಹಾಕಲು ಬರುತ್ತಿದ್ದ ನರ್ಸಬಾಯಿ ಅವಳನ್ನು ನಡುಮನೆಯಲ್ಲೇ ನಿಲ್ಲಿಸಿ ಬೈದಳು. ಮೈ ಚೆನ್ನಾಗಿರುವಾಗಲೇ ಹಾಕುವುದು ಸೂಜಿ, ಮನೆಗೆ ಬೆಂಕಿ ಹತ್ತಿದ ಮೇಲೆ ಬಾವಿ ತೋಡುತ್ತೀಯೇನು ಎಂದಳು. ಸೊಸೆ ಕೂಸನ್ನು ಮುಂದೆ ಹಿಡಿದಳು. ಈ ಮಾತನ್ನು ನೆನಪಿನಲ್ಲಿಡಿ. ಮುಂದೆ ಬೇಕಾಗುತ್ತದೆ.

ನಿವೃತ್ತಿಯಾದ ವರ್ಷ ಅವಳು ಇಳಕಲ್ಲಿಗೆ ಬಂದು ನಮ್ಮ ಮನೆಯ ಹೊರಗಿನ ಖೋಲಿಯನ್ನು ಬಾಡಿಗೆಗೆ ಹಿಡಿದಳು. ಪಕ್ಕದ ಖಾಲಿ ಜಾಗ ಅವಳದೇ. ಮನೆ ಕಟ್ಟಿಸುವ ತನಕ ಇರುತ್ತೇನೆ ಎಂದಿದ್ದಳು. ಸಾಮಾನು ಬಹಳ ಇರಲಿಲ್ಲ. ಒಂದು ಟ್ರಂಕು, ಒಂದು ಸ್ಟೋವು, ದೇವರ ಜಗಲಿಯ ಮೇಲಿಡುವ ಬಸವಣ್ಣನ ಫೋಟೋ, ಮತ್ತೆ ಕೌದಿಯಲ್ಲಿ ಸುತ್ತಿದ ಆಳೆತ್ತರದ ಒಂದು ವಸ್ತು. ಇಬ್ಬರು ಗಂಡಸರು ಅದನ್ನು ಹೊತ್ತು ತಂದು ಗೋಡೆಗೆ ಆನಿಸಿದರು.

"ಇದೇನ್ರಿ ಬಾಯಾರ, ಹೆಣಾ ಸುತ್ತಿದಂಗ ಸುತ್ತೀರಲ್ಲ," ಎಂದು ಕೇಳಿದೆ.

"ಜೋಕಾಲಿ ಹಲಗಿ ಯಕ್ಕಾ," ಎಂದು ಕೌದಿಯ ಮೂಲೆ ಸರಿಸಿ ತೋರಿಸಿದಳು. "ಸಾಗವಾನಿ. ಹಳೇ ಬಾಗಲಕೋಟಿ ಮುಳುಗಡಿಗಿ ಹೋಗೂಮುಂದ ಮನಿ ಬಿಚ್ಚಿ ಕಟಗಿ ಮಾರಿದ್ರಲ್ಲ, ಆವಾಗ ತಗೊಂಡದ್ದು. ಎಲ್ಲಿ ಬದಲಿ ಆದ್ರೂ ಹೊತಗೊಂಡ ತಿರಗೇನಿ."

ಸರಕಾರಿ ಕ್ವಾರ್ಟರ್ಸಿನ ಚಾವಣಿ ತೂಗುಮಂಚ ತಾಳುವುದಿಲ್ಲ. ಹೀಗಾಗಿ ಊರಿಂದೂರಿಗೆ ಆ ಹಲಗೆ ಮಂಚದ ಕೆಳಗೇ ಮಲಗಿ ಬಂದಿತ್ತು. ಇಡೀ ನೌಕರಿ ನಿಂತೇ ಕಳೆದಿದ್ದೇನೆ, ಇನ್ನು ಕೂತು ತೂಗುತ್ತೇನೆ, ನೆಲಕ್ಕೆ ಕಾಲು ಹತ್ತಬಾರದು, ಚಹಾ ಅಲ್ಲಿಗೇ ಬರಬೇಕು ಎಂದಳು. ಚಹಾ ತಂದುಕೊಡುವವರು ಯಾರು ಎಂದು ಕೇಳಿದೆ. ನೀನೇ, ಮತ್ತೆ ಯಾರು ಎಂದಳು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಬಂಗಾರ ಬೇಡ, ಕಾಶಿ ಬೇಡ. ತನ್ನ ಚಾವಣಿಯ ಕೆಳಗೆ ಒಂದು ಹಲಗೆ.

ಮನೆ ಕಟ್ಟಲು ಮೊದಲು ಬಂದವನು ಬಾಗಲಕೋಟೆ ನವನಗರದ ಕಾಂಟ್ರಾಕ್ಟರ್. ಇಸ್ತ್ರಿ ಅಂಗಿ, ರೆಕ್ಸಿನ್ ಚೀಲ. ನರ್ಸಬಾಯಿಯ ಖೋಲಿಯಲ್ಲಿ ಬಸವಣ್ಣನ ಫೋಟೋದ ಮುಂದೆ ಕುಳಿತು ಕಾಗದ ಹರವಿದ. ಬುನಾದಿ ತೆಗೆಯುವ ಮೊದಲು ಕೂಲಿಯವರ ಹೆಸರಿನಲ್ಲಿ ವಿಮೆ ಮಾಡಿಸುತ್ತೇನೆ, ಅದರ ಪ್ರತಿಯನ್ನು ನಿಮ್ಮ ಕೈಗೂ ಕೊಡುತ್ತೇನೆ ಎಂದ. ಮೇಲೆ ಏರುವವರಿಗೆ ಸೊಂಟದ ಪಟ್ಟಿ, ತಲೆಗೆ ಟೊಪ್ಪಿಗೆ. ಯಾರಾದರೂ ಬಿದ್ದು ಕಾಲು ಮುರಿದರೆ, ಸತ್ತರೆ, ಖರ್ಚು ನಿಮ್ಮ ತಲೆಗೆ ಬರುವುದಿಲ್ಲ ಎಂದ. ಸತ್ತರೆ ಎನ್ನುವ ಮಾತನ್ನು ಅವನು ಚಹಾ ಕುಡಿಯುತ್ತ ಕುಡಿಯುತ್ತ ಎಷ್ಟು ಸಲ ಅಂದನೋ.

ಅವನು ಹೋದ ಮೇಲೆ ನರ್ಸಬಾಯಿ ಜಗಲಿಗೆ ಊದುಬತ್ತಿ ಹಚ್ಚಿದಳು. "ಇನ್ನ ಒಂದ ಕಲ್ಲ ಇಟ್ಟಿಲ್ಲ, ಹೆಣದ ಮಾತ ಆಡತಾನ. ಇಂಥಾವನ ಕೈಲೆ ಮನಿ ಕಟ್ಟಿಸಿದ್ರ ಮನಿಯಾಗ ಏನ ನಿಂತೀತು," ಎಂದಳು. ಓಣಿ ಪೂರ್ತಿ ಅವಳ ಮಾತಿಗೇ ತಲೆದೂಗಿತು. ಅವನ ರೇಟೂ ಜಾಸ್ತಿ ಇತ್ತು. ಆದರೆ ಅವಳು ಬೇಡವೆಂದದ್ದು ಅದಕ್ಕಲ್ಲ, ಶುಭ ಕೆಲಸದಲ್ಲಿ ಅಶುಭ ನುಡಿದ ಎಂದು.

ಎರಡನೆಯವನು ಹುನಗುಂದದ ಮೇಸ್ತ್ರಿ. ಅವನ ಕೈಯಲ್ಲಿ ಕಾಗದವೂ ಇಲ್ಲ, ಚೀಲವೂ ಇಲ್ಲ. ಬಂದವನೇ ನರ್ಸಬಾಯಿಯ ಕಾಲಿಗೆ ಬಿದ್ದ. ಅವನ ಮಕ್ಕಳಿಬ್ಬರೂ ಅವಳ ಕೈಯಲ್ಲಿ ಹುಟ್ಟಿದವರು, ಅದರಲ್ಲಿ ಒಂದು ಅಡ್ಡ ಬಂದ ಕೂಸು. ಅವತ್ತು ತಾಯಿ ಮಗು ಇಬ್ಬರೂ ಉಳಿದದ್ದು ಇವಳಿಂದ. ಅವ್ವಾರ ಎಂದು ಕರೆಯುತ್ತಿದ್ದ. ಅವ್ವಾರ ಮನೆ ಅಂದರೆ ನನ್ನ ಹೆತ್ತವ್ವನ ಮನೆ ಎಂದ. ನರ್ಸಬಾಯಿ ಕರಗಿ ನೀರಾದಳು. ಕೆಲಸ ಅವನಿಗೇ ಹೋಯಿತು.

ನಮ್ಮ ಕಡೆ ಒಂದು ಪದ್ಧತಿ ಇದೆ. ಬಾಗಿಲ ಚೌಕಟ್ಟು ನಿಲ್ಲಿಸುವ ದಿನ ಮನೆಯೊಡತಿ ಮೇಸ್ತ್ರಿಗೆ ಆಯೇರ ಮಾಡುತ್ತಾಳೆ. ಧೋತರ, ಅಂಗಿಯ ಬಟ್ಟೆ, ಟೊಪ್ಪಿಗೆ, ಕುಂಕುಮ. ಊರಿಗೆಲ್ಲ ಹುಗ್ಗಿಯ ಊಟ. ಅಂದಿನಿಂದ ಮೇಸ್ತ್ರಿ ಆ ಮನೆಗೆ ಅಣ್ಣತಮ್ಮನಿದ್ದಂತೆ. ಅವನ ಕೆಲಸವನ್ನು ನಿಂತು ಪರೀಕ್ಷೆ ಮಾಡುವುದು ಅವನಿಗೆ ಅವಮಾನ. ಅದು ಎಲ್ಲಿದೆ, ಇದು ಎಲ್ಲಿದೆ ಎಂದು ಕಾಗದ ಕೇಳುವುದಂತೂ ತವರಿನಿಂದ ಬಂದ ಅಣ್ಣನ ಹತ್ತಿರ ರಸೀದಿ ಕೇಳಿದ ಹಾಗೆ. ಬಹಳ ಚೆಂದದ ಪದ್ಧತಿ. ಎಷ್ಟು ಮನೆ ತಿಂದಿದೆಯೋ ನನಗೆ ಗೊತ್ತಿಲ್ಲ, ಒಂದು ಮನೆ ತಿಂದದ್ದನ್ನು ಮಾತ್ರ ಕಣ್ಣಾರೆ ನೋಡಿದ್ದೇನೆ.

ಆಯೇರದ ಊಟದಲ್ಲಿ ನನ್ನ ಮಗ ಸುಮ್ಮನೆ ಮಾತಿಗೆ ಮಾತು ಬಂದು, ಕೂಲಿಯವರಿಗೆ ವಿಮೆಗಿಮೆ ಏನಾದರೂ ಇದೆಯೇ ಎಂದು ಮೇಸ್ತ್ರಿಯನ್ನು ಕೇಳಿದ. ಮೇಸ್ತ್ರಿ ಹೊಸ ಟೊಪ್ಪಿಗೆ ಸರಿಮಾಡಿಕೊಂಡು ನಕ್ಕ.

"ಅವ್ವಾರ ಕೈಯಾಗ ನನ್ನ ಮಕ್ಕಳು ಹುಟ್ಯಾವ್ರಿ. ಅದಕಿಂತ ದೊಡ್ಡ ಇನ್ಸೂರನ್ಸ ಯಾವ ಕಂಪನಿ ಕೊಡತೈತಿ?"

ಪಂಕ್ತಿಯೆಲ್ಲ ನಕ್ಕಿತು. ನರ್ಸಬಾಯಿ ಅವನ ಎಲೆಗೆ ಇನ್ನೊಂದು ಸೌಟು ತುಪ್ಪ ಸುರಿದಳು. ಮೊದಲು ಬೆಲ್ಲ ಕೊಡುವವರನ್ನು ನಂಬಬೇಡ ಎಂದವಳು ಅವಳೇ.

ಅವನು ಕೆಲಸದಲ್ಲಿ ಕಳ್ಳನಲ್ಲ. ಗೋಡೆ ದಾರ ಹಿಡಿದಂತೆ ಎದ್ದವು. ಸ್ಲ್ಯಾಬ್ ಹಾಕುವ ದಿನ ನರ್ಸಬಾಯಿ ತಾನೇ ಏಣಿ ಹತ್ತಿ, ಹಾಲಿನ ಚಾವಣಿಯ ನಡುವೆ ತೂಗುಮಂಚದ ಎರಡು ಕಬ್ಬಿಣದ ಕೊಂಡಿ ಕೂರಿಸುವುದನ್ನು ನಿಂತು ನೋಡಿದಳು. ಆಮೇಲೆ ಮನೆಯ ಮುಂದೆ ದೃಷ್ಟಿಯಾಗದಿರಲೆಂದು ಮೇಸ್ತ್ರಿ ಕರಿ ಗೊಂಬೆ ಕಟ್ಟಿದ, ನಿಂಬೆಹಣ್ಣು ಕಟ್ಟಿದ, ಹರಿದ ಚಪ್ಪಲಿ ಕಟ್ಟಿದ. ಅವೆಲ್ಲ ಹೊಸ ದಾರದಲ್ಲಿ. ಹೊರಗೋಡೆಗೆ ನಿಲ್ಲಿಸಿದ ಬೊಂಬುಗಳಿಗೆ ಕಟ್ಟಿದ ಹಗ್ಗ ಮಾತ್ರ ಹಿಂದಿನ ನಾಲ್ಕಾರು ಮನೆಗಳ ಬಿಸಿಲು ಮಳೆ ತಿಂದದ್ದು.

ಕೂಲಿಯವರಲ್ಲಿ ದುರಗವ್ವ ಎಂಬವಳಿದ್ದಳು. ಕಲಾದಗಿಯ ಕಡೆಯ ಹಳ್ಳಿಯವಳು, ಗಂಡ ಬಿಟ್ಟುಹೋದವಳು, ಬಾಯಿ ಜೋರು. ತಲೆಯ ಮೇಲೆ ಗೋಡೆಗೆ ಬಳಿಯುವ ಗಿಲಾಯಿ ಗಾರೆಯ ಬುಟ್ಟಿ ಹೊತ್ತುಕೊಂಡೇ ಹಾಡು ಹೇಳುವಳು, ಮೇಸ್ತ್ರಿಯನ್ನೇ ಅಣಕಿಸುವಳು. ನರ್ಸಬಾಯಿಗೂ ಅವಳಿಗೂ ದಿನವೂ ಚೇಷ್ಟೆ.

"ಅಕ್ಕಾರ, ಜೋಕಾಲಿ ಕಟ್ಟಿದ ದಿನ ಮೊದಲ ನನ್ನ ಕುಂಡರಸಬೇಕ ನೋಡ್ರಿ. ಮ್ಯಾಲಿನ ಸ್ಲ್ಯಾಬಿನ ಖಡಿ ಹೊತ್ತಾಕಿ ನಾನು."

"ನೀ ಕುಂತ್ರ ಕೊಂಡಿ ಕಿತ್ತ ಬರತಾವ. ಕೆಳಗ ನಿಂತ ತೂಗ ಬೇಕಾದ್ರ."

ಅವಳು ಬಿದ್ದದ್ದು ಮಧ್ಯಾಹ್ನದ ಮೊದಲು. ಚಾವಣಿಯ ಅಂಚಿನ ಗಿಡ್ಡ ಗೋಡೆ, ಕಟಾಂಜನದ ಹೊರಮೈಗೆ ಗಿಲಾಯಿ ಮಾಡುತ್ತಿದ್ದರು. ನಾನು ನಮ್ಮ ಕಟ್ಟೆಯ ಮೇಲೆ ಮಗ್ಗಕ್ಕೆ ಬೇಕಾದ ನೂಲಿನ ಕಂಡಿಕೆ ಸುತ್ತುತ್ತ ಕುಳಿತಿದ್ದೆ. ಮೇಲೆ ಹಗ್ಗ ಹರಿದದ್ದು ಯಾರಿಗೂ ಕೇಳಲಿಲ್ಲ. ಜೋಳದ ಚೀಲ ಎತ್ತಿ ಒಗೆದಂಥ ಒಂದು ಸದ್ದು ಕೇಳಿತು, ಅಷ್ಟೆ. ಬಾಗಿಲ ಮುಂದಿನ ಮೆಟ್ಟಿಲು ಪಾವಟಿಗೆಗೆಂದು ಬಾದಾಮಿಯಿಂದ ತರಿಸಿದ ಕೆಂಪು ಕಲ್ಲಿನ ರಾಶಿಯ ಮೇಲೆ ಅಂಗಾತ ಬಿದ್ದಿದ್ದಳು. ಕಣ್ಣು ತೆರೆದಿದ್ದವು. ಕಾಲೆಲ್ಲಿ ಹೋದವು ಎಂದು ಕೇಳುತ್ತಿದ್ದಳು. ಕಾಲು ಅಲ್ಲೇ ಇದ್ದವು.

ಗಂಡಸರು ತೋಳಿಗೆ ಕೈ ಹಾಕಿ ಎತ್ತಲು ಹೋದರು. ನರ್ಸಬಾಯಿ ಓಡಿ ಬಂದು ಅವರ ಕೈ ಬಡಿದಳು. ಹಲಗೆ ತನ್ನಿ ಎಂದಳು. ಯಾವ ಹಲಗೆ ಎಂದು ಅವರು ಮುಖ ಮುಖ ನೋಡಿಕೊಂಡರು. ಅವಳೇ ಖೋಲಿಗೆ ಹೋಗಿ ಕೌದಿ ಕಿತ್ತೆಸೆದು ಎಳೆದು ತಂದಳು. ದುರಗವ್ವನನ್ನು ಆ ಹಲಗೆಗೆ ಸೀರೆಗಳಿಂದ ಬಿಗಿದು ಟೆಂಪೋದಲ್ಲಿ ಬಾಗಲಕೋಟೆಗೆ ಒಯ್ದರು, ಅಲ್ಲಿಂದ ಹುಬ್ಬಳ್ಳಿಗೆ. ಅವಳು ಕೇಳಿದ ಹಾಗೇ ಆಯಿತು. ಜೋಕಾಲಿಯ ಹಲಗೆಯ ಮೇಲೆ ಮೊದಲು ಅವಳೇ ಏರಿದಳು.

ಬೆನ್ನುಹುರಿ ಹೋಗಿತ್ತು. ಸೊಂಟದ ಕೆಳಗೆ ಜೀವವಿಲ್ಲ.

ಮೇಸ್ತ್ರಿ ದವಾಖಾನೆಯ ಬಾಗಿಲಲ್ಲಿ ಕುಳಿತು ಸಣ್ಣ ಹುಡುಗನಂತೆ ಅತ್ತ. ತನ್ನ ಮೋಟರ್ ಸೈಕಲ್ ಮಾರಿ ಕೊಟ್ಟ, ಹೆಂಡತಿಯ ಕೊರಳಿನದನ್ನೂ ಕೊಟ್ಟ. ಅದು ಮುಗಿದ ಮೇಲೆ ಅವನ ಹತ್ತಿರ ಏನೂ ಉಳಿಯಲಿಲ್ಲ. ಗೋವಾ ಕಡೆ ದುಡಿಯಲು ಹೋದನಂತೆ. ಫೋನು ಹತ್ತಲಿಲ್ಲ. ಅವನು ಕೆಟ್ಟವನಾಗಿದ್ದರೆ ಹಿಡಿದು ಬೈದು ಮನಸ್ಸು ಹಗುರ ಮಾಡಿಕೊಳ್ಳಬಹುದಿತ್ತು. ಒಳ್ಳೆಯವನು, ಬರಿಗೈಯವನು. ಬರಿಗೈಯವನ ಒಳ್ಳೆಯತನ ದವಾಖಾನೆಯಲ್ಲಿ ನಡೆಯುವುದಿಲ್ಲ.

ನರ್ಸಬಾಯಿ ಹುನಗುಂದದ ಒಬ್ಬ ವಕೀಲರನ್ನು ಕೇಳಿಕೊಂಡು ಬಂದಳು. ಅವರು ಎಲ್ಲ ಕೇಳಿದ ಮೇಲೆ ಒಂದೇ ಪ್ರಶ್ನೆ ಹಾಕಿದರಂತೆ. ಮೇಸ್ತ್ರಿಯ ವಿಮೆಯ ಕಾಗದ ನೋಡಿದ್ದಿರಾ? ಇವಳು ಇಲ್ಲವೆಂದಳು. ಇದ್ದಿದ್ದರೆ ಈಗ ಕಂಪನಿಯವರು ಓಡಾಡುತ್ತಿದ್ದರು, ಆ ಹೆಣ್ಣುಮಗಳಿಗೆ ಜೀವನಕ್ಕೊಂದು ದಾರಿ ಇರುತ್ತಿತ್ತು, ನೀವು ನನ್ನ ಮುಂದೆ ಕೂರುತ್ತಿರಲಿಲ್ಲ ಎಂದರಂತೆ. ಕೋರ್ಟಿಗೆ ಹೋದರೆ ಯಾರ ತಲೆಗೆ ಎಷ್ಟು ಬರುತ್ತದೋ, ಯಾವ ಕಾಲಕ್ಕೋ, ನಾನೂ ಹೇಳಲಾರೆ ಎಂದರಂತೆ. ನಿವೃತ್ತಿಗೆ ಬಂದದ್ದರಲ್ಲಿ ಮನೆಗೆ ಮಿಕ್ಕದ್ದೆಲ್ಲ ಹುಬ್ಬಳ್ಳಿಗೆ ಹೋಯಿತು. ಒಳಗಿನ ಗೋಡೆಗೆ ಬಣ್ಣ ಬೀಳಲೇ ಇಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಅವಳು ಬಣ್ಣವಿಲ್ಲದ ಮನೆಯಲ್ಲೇ ತೂಗುಮಂಚ ಕಟ್ಟಿಕೊಳ್ಳುತ್ತಿದ್ದಳು. ಗೃಹಪ್ರವೇಶ ಮುಂದಕ್ಕೆ ಹಾಕಿ ಒಂದು ಸೋಮವಾರ ಸುಮ್ಮನೆ ಹಾಲು ಉಕ್ಕಿಸಿ ಒಳಗೆ ಹೋಗುವುದೆಂದು ಮಾಡಿದ್ದಳು. ಆ ವಾರವೇ ಟೆಂಪೋ ಬಂತು. ದುರಗವ್ವನ ಅಣ್ಣ ಕುಳಗೇರಿ ಕ್ರಾಸಿನಲ್ಲಿ ಚಹಾದಂಗಡಿ ಇಟ್ಟವನು, ದವಾಖಾನೆಯಿಂದ ಅವಳನ್ನು ತನ್ನ ಮನೆಗೆ ಒಯ್ದಿದ್ದವನು. ಅವನೂ ಇನ್ನೊಬ್ಬನೂ ಹಲಗೆಯ ಸಮೇತ ಅವಳನ್ನು ಇಳಿಸಿದರು. ನೇರ ಒಳಗೆ ಹೊತ್ತು ತಂದು ಹಾಲಿನ ನಡುವೆ, ಆ ಎರಡು ಕೊಂಡಿಗಳ ಕೆಳಗೆ ಇಟ್ಟರು.

ನರ್ಸಬಾಯಿ ಪೂಜೆಯ ಬಿಂದಿಗೆ ತೊಳೆಯುತ್ತಿದ್ದಳು. ಇದೇನಪ್ಪ ಎಂದಳು.

"ನನ್ನ ಮನಿ ಒಂದ ಖೋಲಿ ಐತ್ರಿ ಬಾಯಾರ. ಮೂರ ಹುಡುಗರು, ಮುದುಕಿ ತಾಯಿ. ಇಕಿನ್ನ ಮಗ್ಗಲಾ ಹೊಳ್ಳಸಾಕ ನಮಗ ಬರೂದಿಲ್ಲ, ಬೆನ್ನ ಕೊಳಿಯಾಕತ್ತೈತಿ." ಅವನು ತಲೆ ಎತ್ತಲಿಲ್ಲ. "ಇಕಿ ಬಿದ್ದ ಮನಿ ಇದು. ಇಲ್ಲೇ ಇರಲಿ."

ಅವನನ್ನೂ ನಾನು ಕೆಟ್ಟವನೆನ್ನಲಾರೆ. ಹೋಗುವಾಗ ತಂಗಿಯ ತಲೆ ಮುಟ್ಟಿ ಹೋದ. ದುರಗವ್ವ ಗೋಡೆಯ ಕಡೆ ಮುಖ ಮಾಡಿದ್ದಳು. ನರ್ಸಬಾಯಿ ಬಿಂದಿಗೆ ಕೆಳಗಿಟ್ಟು ಅವಳ ಬೆನ್ನು ಸರಿಸಿ ನೋಡಿದಳು. ಹುಣ್ಣಿನಲ್ಲಿ ಬೆರಳು ಹೋಗುವಷ್ಟು ತೂತು ಬಿದ್ದಿತ್ತು. ನರ್ಸಾಗಿದ್ದವಳು. ಆ ಹುಣ್ಣು ನೋಡಿದ ಮೇಲೆ ಬಾಗಿಲಾಚೆ ಎತ್ತಿ ಹಾಕುವುದು ಹೇಗೆ? ಬಿಸಿನೀರು ಕಾಯಿಸಿದಳು. ಹೀಗೆ ಆ ಮನೆಯ ಗೃಹಪ್ರವೇಶವಾಯಿತು.

ಎಂಟೊಂಬತ್ತು ವರ್ಷ. ಗಟ್ಟಿ ನೆಲ ಬೇಕೆಂದು ಹಲಗೆಯನ್ನು ಮಂಚದ ಮೇಲೆ ಹಾಕಿ ಅದರ ಮೇಲೆ ದುರಗವ್ವನ ಹಾಸಿಗೆ. ಕೊಂಡಿಗಳಿಂದ ಎರಡು ಹಗ್ಗ ಇಳಿಬಿಟ್ಟರು, ಹಿಡಿದು ಮೇಲೇಳಲಿ ಎಂದು. ಕಾಲ ಕಾಲಕ್ಕೆ ಮಗ್ಗುಲು ಬದಲಿಸಬೇಕು, ಒರೆಸಬೇಕು, ಉಣಿಸಬೇಕು, ಮಲಮೂತ್ರ ತೆಗೆಯಬೇಕು. ಬಾದಾಮಿಗೆ ಹೋಗಿ ಬನಶಂಕರಿಯ ದರ್ಶನ ಮಾಡಿ ಬರುತ್ತೇನೆ ಎಂದು ಒಂದು ದಿನ ಹೊರಟವಳು ಬಸ್ ನಿಲ್ದಾಣದಿಂದಲೇ ತಿರುಗಿ ಬಂದಳು. ನಾನು ನೋಡಿಕೊಳ್ಳುತ್ತೇನೆ ಎಂದಿದ್ದೆ, ನನ್ನ ಕೈಗೆ ದುರಗವ್ವನನ್ನು ಹೊರಳಿಸುವ ಬಲವಿರಲಿಲ್ಲ, ಅದು ಅವಳಿಗೆ ದಾರಿಯಲ್ಲಿ ನೆನಪಾಗಿತ್ತು.

ಇಬ್ಬರೂ ದೇವತೆಗಳಂತೆ ಬದುಕಿದರು ಎಂದು ಯಾರಾದರೂ ಈ ಪುಸ್ತಕದಲ್ಲಿ ಬರೆದಿದ್ದರೆ ಅದನ್ನು ಹೊಡೆದುಹಾಕಿ. ಜಗಳ ನಮ್ಮ ಗೋಡೆಯಾಚೆಗೂ ಕೇಳುತ್ತಿತ್ತು. ದುರಗವ್ವನ ಹಾಡು ನಿಂತುಹೋಗಿತ್ತು, ಬಾಯಿ ನಿಂತಿರಲಿಲ್ಲ. ಅನ್ನ ತಣ್ಣಗಿದೆ ಎಂದು ತಾಟು ತಳ್ಳುವಳು. ನರ್ಸಬಾಯಿ ತಟ್ಟೆ ಕುಕ್ಕುವಳು.

"ನನ್ನ ಕಾಲ ತಿಂದ ಮನಿ ಇದು, ನನಗೇನ ಉಣಸ್ತೀರಿ."

"ತಿಂದದ್ದು ನಿನ್ನ ಕಾಲ ಅಷ್ಟ ಅಂತ ತಿಳದೀಯೇನು? ಮುಕ್ಳಿ ಎತ್ತು, ಬಟ್ಟಿ ತಗೀಬೇಕು."

ಊರಿನವರು ಮಾತ್ರ ಇದನ್ನು ಕೇಳಲೇ ಇಲ್ಲ. ಅವರಿಗೆ ಬೇರೆಯೇ ಕತೆ ಬೇಕಾಗಿತ್ತು. ಒಂದು ಸಂಘದವರು ಶಾಲು ಹಾರ ತಂದರು. ನರ್ಸಬಾಯಿ ಅವರನ್ನು ಹೊಸ್ತಿಲಲ್ಲೇ ನಿಲ್ಲಿಸಿದಳು. ಒಳಗಿನ ವಾಸನೆ ಅವರ ಮೂಗಿಗೂ ಬಂದಿರಬೇಕು, ಒಬ್ಬರು ಕರವಸ್ತ್ರ ತೆಗೆದರು.

"ಪುಣ್ಯ ಅಂತೀರಿ. ಇದು ದಂಡ ಐತ್ರಿ. ಪುಣ್ಯ ಮಾಡಾಕಿ ಮನಸಿನಿಂದ ಮಾಡತಾಳ. ನಾ ಬಾಗಲಾ ಹಾಕಾಕ ಬರಲಾರದ್ದಕ್ಕ ಮಾಡಾಕತ್ತೇನಿ. ಒಳಗ ಮಲಗಿದಾಕಿಗೂ ನಾ ಬ್ಯಾಡ, ನನಗೂ ಆಕಿ ಬ್ಯಾಡ. ಇಬ್ಬರನ್ನೂ ಕೂಡಿ ಒಂದ ಖೋಲಿಯಾಗ ಹಾಕೇತಿ ಒಂದ ಕಾಗದ ಇಲ್ಲದ್ದು."

ಅವರು ಹಾರವನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಹೋದರು. ಮರುದಿನ ದಾಸೋಹವೆಂದು ಎಲ್ಲೋ ಮಾತಾಡಿದರಂತೆ. ದಾಸೋಹವೆಂದರೆ ಕೊಡುವವನ ಕೈ ಮೇಲಿರಬಾರದು, ಪಡೆಯುವವನ ತಲೆ ಕೆಳಗಿರಬಾರದು ಎಂದು ನನ್ನ ಅತ್ತೆ ಹೇಳುತ್ತಿದ್ದರು. ಈ ಮನೆಯಲ್ಲಿ ಇಬ್ಬರ ತಲೆಯೂ ಕೆಳಗಿತ್ತು.

ಒಂದು ಸಂಜೆ ಅವಳು ನಮ್ಮ ಕಟ್ಟೆಗೆ ಬಂದು ನಿಂತಳು. ಕೂರು ಎಂದೆ. ಕೂತರೆ ಏಳಲು ಆಗುವುದಿಲ್ಲ, ಮೊಣಕಾಲು ಹಿಡಿಯುತ್ತದೆ ಎಂದಳು. ನಮ್ಮ ಮಗ್ಗದಲ್ಲಿ ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಒಂದೊಂದಾಗಿ ಸೇರಿಸುತ್ತಿದ್ದುದನ್ನು ಬಹಳ ಹೊತ್ತು ನೋಡಿದಳು. ಒಂದು ಎಳೆ ತಪ್ಪಿದರೆ ಏನಾಗುತ್ತದೆ ಎಂದಳು. ಸೀರೆಯ ಉದ್ದಕ್ಕೂ ಆ ತಪ್ಪು ಬರುತ್ತದೆ, ಆಮೇಲೆ ಸೇರಿಸಲು ಬರುವುದಿಲ್ಲ ಎಂದೆ.

"ಊರ ಮಂದಿಗೆಲ್ಲ ಸೂಜಿ ಹಾಕಿದೆ ಯಕ್ಕಾ," ಎಂದಳು. "ನನ್ನ ಮನಿಗಿ ಹಾಕಲಿಲ್ಲ."

ನಾನು ಮುಂದಿನ ಎಳೆ ಹಿಡಿದೆ.

ಆಮೇಲೆ ಅವಳಿಗೆ ಒಂದು ಗೀಳು ಹತ್ತಿತು. ಓಣಿಯಲ್ಲಿ, ಆಚೆ ಓಣಿಯಲ್ಲಿ, ಎಲ್ಲೇ ಬುನಾದಿ ತೆಗೆಯಲಿ, ದುರಗವ್ವ ಉಂಡು ಕಣ್ಣು ಮುಚ್ಚಿದ ಹೊತ್ತಿನಲ್ಲಿ ಅಲ್ಲಿಗೆ ಹೋಗಿ ಯಜಮಾನನನ್ನು ಹಿಡಿದು ನಿಲ್ಲಿಸುವಳು. ಕೂಲಿಯವರಿಗೆ ವಿಮೆ ಮಾಡಿಸಿದ್ದಾನೇನು ನಿಮ್ಮ ಮೇಸ್ತ್ರಿ? ಬಾಯಲ್ಲಿ ಹೇಳಿದರೆ ಸಾಲದು, ಕಾಗದ ಕಣ್ಣಿಂದ ನೋಡಿ. ತಾರೀಖು ನೋಡಿ, ಮುಗಿದದ್ದನ್ನೂ ತೋರಿಸುತ್ತಾರೆ. ಅದು ಈ ಕೆಲಸಕ್ಕೆ, ಈ ಮಂದಿಗೆ ಹತ್ತುತ್ತದೋ ಕೇಳಿ. ನಿಮಗೆ ತಿಳಿಯದಿದ್ದರೆ ವಿಮೆಯ ಕಚೇರಿಗೇ ಹೋಗಿ ತೋರಿಸಿ. ರೇಟು ಹೆಚ್ಚಾದರೆ ಒಂದು ಖೋಲಿ ಕಡಿಮೆ ಕಟ್ಟಿಸಿ. ಕಲಿತ ಪಾಠದಂತೆ ಒಂದೇ ಉಸಿರಿಗೆ ಹೇಳುವಳು.

ಒಬ್ಬನೂ ಕೇಳಿದ್ದನ್ನು ನಾನು ಕಾಣೆ. ಮೊದಮೊದಲು ಹೂಂ ಎಂದು ಚಹಾ ಕೊಟ್ಟು ಕಳಿಸಿದರು. ಆಮೇಲೆ ಅವಳ ಚಪ್ಪಲಿಯ ಸದ್ದು ಕೇಳಿದರೆ ಒಳಗೆ ಹೋಗತೊಡಗಿದರು. ಕೊನೆಗೆ ಚೌಕಟ್ಟಿನ ಪೂಜೆಗೆ ಅವಳೊಬ್ಬಳನ್ನು ಬಿಟ್ಟು ಓಣಿಯನ್ನೆಲ್ಲ ಕರೆಯುವುದು ರೂಢಿಯಾಯಿತು. ಶುಭ ಕೆಲಸದಲ್ಲಿ ಅಶುಭ ನುಡಿಯುತ್ತಾಳಂತೆ. ಶಾಲು ತಂದವರಲ್ಲಿ ಒಬ್ಬರು ಮನೆ ಕಟ್ಟಿಸಿದಾಗಲೂ ಅವಳನ್ನು ಕರೆಯಲಿಲ್ಲ. ಹುಗ್ಗಿಯ ವಾಸನೆ ಬಂದ ದಿನ ಅವಳು ಕಿಟಕಿ ಮುಚ್ಚಿಕೊಳ್ಳುತ್ತಿದ್ದಳು.

ಈ ವರ್ಷ ಬೇಸಿಗೆಯ ಒಂದು ಬೆಳಿಗ್ಗೆ ಒಲೆಯ ಮುಂದೆ ನಿಂತಲ್ಲೇ ಕುಸಿದಳು. ಪಾತ್ರೆ ಬಿದ್ದದ್ದು ಹಾಲಿನಲ್ಲಿದ್ದ ದುರಗವ್ವನಿಗೆ ಕೇಳಿತು. ಅಕ್ಕಾರ ಎಂದು ಕರೆದಳು, ಉತ್ತರವಿಲ್ಲ. ಹತ್ತು ಹೆಜ್ಜೆಯೂ ಇಲ್ಲದ ಅಡಿಗೆಮನೆ. ಹೋಗಲಾರಳು. ಹಗ್ಗ ಹಿಡಿದು ಎದೆ ಮೇಲೆತ್ತಿ ನನ್ನ ಹೆಸರು ಹಿಡಿದು ಕೂಗಿದಳು. ಬಂದೆ. ನರ್ಸಬಾಯಿ ಆಗಲೇ ತಣ್ಣಗಾಗುತ್ತಿದ್ದಳು. ಚಹಾ ಉಕ್ಕಿ ಒಲೆ ಆರಿತ್ತು.

ನಮ್ಮಲ್ಲಿ ಹೆಣವನ್ನು ಮಲಗಿಸುವುದಿಲ್ಲ, ವಿಭೂತಿ ಹಚ್ಚಿ ಗೋಡೆಗೆ ಆನಿಸಿ ಕೂರಿಸುತ್ತೇವೆ. ಹಾಲಿನಲ್ಲಿ ಕೂರಿಸಲು ಏನಾದರೂ ತನ್ನಿ, ಬರಿ ನೆಲದ ಮೇಲೆ ಬೇಡ ಎಂದು ಹಿರಿಯರು ಹುಡುಕಾಡಿದರು. ಮಣೆ ಸಣ್ಣದಾಯಿತು. ದುರಗವ್ವ ಹಗ್ಗ ಹಿಡಿದು ತಲೆ ಎತ್ತಿದಳು.

"ಆಯಿ," ಎಂದು ನನ್ನನ್ನು ಕರೆದಳು. "ನನ್ನ ಕೆಳಗ ಹಲಗಿ ಐತಲ್ಲ, ತಗೀರಿ. ಆಕೀದು ಅದು."

ನಾಲ್ವರು ಅವಳನ್ನು ಎತ್ತಿ ಮೂಲೆಯ ಚಾಪೆಯ ಮೇಲೆ ಇಟ್ಟರು. ಹಾಸಿಗೆ ತೆಗೆದು ಹಲಗೆ ಎಳೆದರು. ಅವಳ ಮೈ ಮಲಗಿದ್ದ ಗುರುತು ಕಪ್ಪಾಗಿ ಮೂಡಿತ್ತು. ನಾನು ಒದ್ದೆ ಬಟ್ಟೆಯಿಂದ ಒರೆಸಿದೆ, ಹೋಗಲಿಲ್ಲ. ನರ್ಸಬಾಯಿಯನ್ನು ಅದರ ಮೇಲೆ ಕೂರಿಸಿದರು. ತಲೆಯ ಮೇಲೆ ಕೊಂಡಿಗಳು, ಕೊಂಡಿಯಲ್ಲಿ ಆ ಹಗ್ಗಗಳು. ಹಣೆಗೆ ವಿಭೂತಿ, ಕೊರಳಿಗೆ ಚೆಂಡುಹೂವು. ಅವಳು ಕೂತದ್ದನ್ನು ನಾನು ಸರಿಯಾಗಿ ನೋಡಿದ್ದು ಅವತ್ತೇ. ಆಮೇಲೆ ಅಂಗಳದಲ್ಲಿ ಆ ಮೂವರು ಎದ್ದು ಮಾತಾಡಿದರು.

ಮನೆ ನರ್ಸಬಾಯಿಯ ಅಣ್ಣನ ಮಗನಿಗೆ ಬಂತು. ಬಾಗಲಕೋಟೆಯಲ್ಲಿರುತ್ತಾನೆ, ಸಭ್ಯ ಹುಡುಗ. ನಾನೇನು ಮಾಡಲಿ ಆಯಿ, ನನ್ನ ಮನೆಯಲ್ಲೂ ಹಾಸಿಗೆ ಹಿಡಿದ ತಂದೆಯಿದ್ದಾರೆ ಎಂದ. ದುರಗವ್ವನಿಗೆ ಒಂದು ಆಶ್ರಮ ಹುಡುಕಿದ, ಮಲಮೂತ್ರ ತೆಗೆಯಬೇಕಾದವರನ್ನು ಅಲ್ಲಿ ತೆಗೆದುಕೊಳ್ಳುವುದಿಲ್ಲವಂತೆ. ಮತ್ತೆ ಕುಳಗೇರಿ ಕ್ರಾಸಿಗೆ ಫೋನು ಹೋಯಿತು. ಅವಳ ಅಣ್ಣ ಬಂದ. ಮುದುಕನಾಗಿದ್ದ. ಅವನ ಮನೆ ಈಗಲೂ ಒಂದೇ ಖೋಲಿ.

ದುರಗವ್ವನನ್ನು ಹಲಗೆಯ ಮೇಲೆ ಮಲಗಿಸಿಯೇ ಟೆಂಪೋಕ್ಕೆ ಏರಿಸಿದರು. ಹಲಗೆ ಆಕೆಗೇ ಇರಲಿ ಎಂದು ಹುಡುಗ ಹೇಳಿದ. ನಾನು ಹತ್ತಿರ ಹೋಗಿ ನಿಂತೆ. ಅವಳು ಆಕಾಶ ನೋಡುತ್ತಿದ್ದಳು. ಅಷ್ಟು ವರ್ಷ ಚಾವಣಿಯನ್ನೇ ನೋಡಿದವಳಿಗೆ ಬಿಸಿಲು ಚುಚ್ಚುತ್ತಿರಬೇಕು.

"ಅಲ್ಲಿ ಹೊಳ್ಳಸಾವ್ರ ಯಾರಿಲ್ಲ ಆಯಿ," ಎಂದಳು. "ಭಾಳ ದಿನ ಹತ್ತೂದಿಲ್ಲ."

ಹತ್ತಲಿಲ್ಲ. ಮಳೆಗಾಲ ಹಿಡಿಯುವುದರೊಳಗೆ ಸುದ್ದಿ ಬಂತು. ಅವಳಿಗೆ ಅಂಗಳವೂ ಇರಲಿಲ್ಲ, ಭಾಷಣವೂ ಇರಲಿಲ್ಲ.

ಹುಡುಗ ಮಾರಿದ ಮನೆ ಕೊಂಡವರು ಗಂಡ ಹೆಂಡತಿ, ಇಬ್ಬರೂ ಸಾಲಿ ಮಾಸ್ತರರು. ಒಳಗೆ ಬಣ್ಣ ಬಳಿಸಿದರು. ಹಾಲಿನ ಕೊಂಡಿಗಳನ್ನು ತೋರಿಸಿ ಇವು ಯಾತಕ್ಕೆ ಎಂದು ಹೆಂಡತಿ ಕೇಳಿದಳು. ಕೂರುವುದಕ್ಕೆ ಎಂದೆ. ಅವಳಿಗೆ ತಿಳಿಯಲಿಲ್ಲ. ಈಗ ಮೇಲೊಂದು ಅಂತಸ್ತು ಏರಿಸುತ್ತಿದ್ದಾರೆ. ಯಾರೋ ಗೊತ್ತಿನ ಮೇಸ್ತ್ರಿಯಂತೆ, ಒಳ್ಳೆಯವನಂತೆ, ಆ ಹೆಣ್ಣುಮಗಳ ತವರಿನ ಕಡೆಯವನಂತೆ. ಹೋಗಿ ಕೇಳಿದೆ. ನರ್ಸಬಾಯಿ ಕೇಳುತ್ತ ಬಂದ ಮಾತುಗಳನ್ನೇ ಕೇಳಿದೆ, ಕಾಗದ, ತಾರೀಖು, ಯಾವ ಮಂದಿಗೆ ಎಂದು. ಈ ಮನೆಯಲ್ಲಿ ನಡೆದದ್ದನ್ನೂ ಹೇಳಿದೆ. ಗಂಡ ಕೈ ಮುಗಿದು, ವಯಸ್ಸಾದವರು ನೀವು, ಒಳ್ಳೆಯದು ನುಡಿಯಿರಿ ಎಂದ.

ಹೊರಗೋಡೆಗೆ ಬೊಂಬು ನಿಂತಿವೆ. ಮೊನ್ನೆಯಿಂದ ಇಬ್ಬರು ಹೆಂಗಸರು ಬುಟ್ಟಿ ಹೊತ್ತು ಹತ್ತಿ ಇಳಿಯುತ್ತಿದ್ದಾರೆ. ಅದರಲ್ಲಿ ಒಬ್ಬಳು ಹಾಡು ಹೇಳುತ್ತಾಳೆ.

ನಿನ್ನೆ ಮೇಲಿನ ಚೌಕಟ್ಟು ನಿಲ್ಲಿಸಿದರು. ಮೇಸ್ತ್ರಿಗೆ ಆಯೇರ ಮಾಡಿದರು. ಹುಗ್ಗಿಯ ವಾಸನೆ ನಮ್ಮ ನಡುಮನೆಯ ತನಕ ಬಂತು. ಓಣಿಯನ್ನೆಲ್ಲ ಕರೆದಿದ್ದರು. ನನ್ನನ್ನು ಕರೆಯಲಿಲ್ಲ.